ಇಳಿತದಲ್ಲಿ ಅಳೆದ ಮನೆ

ಮಾನ್ಯ ಸಂಪಾದಕರೇ,

ಕೆಮ್ಮಣ್ಣಿನ ಹತ್ತಿರ ಸ್ವರ್ಣಾ ಹೊಳೆಯ ದಂಡೆಯಲ್ಲಿ ಹೊಸ ಮನೆಯೊಂದು ಏಳುತ್ತಿದೆ. ಅದಕ್ಕೆ ನಾವು ಕೆಲವರು ಆಕ್ಷೇಪ ಕೊಟ್ಟಿದ್ದೇವೆ. ‘ಊರಲ್ಲಿ ಒಬ್ಬ ಮೇಲೆ ಬಂದರೆ ಇವರಿಗೆ ಆಗುವುದಿಲ್ಲ’ ಎಂದು ಅಂಗಡಿ ಜಗಲಿಯಲ್ಲಿ ಮಾತಾಗುತ್ತಿದೆಯಂತೆ. ಸಹಿ ಹಾಕಿದ 14 ಮಂದಿಯಲ್ಲಿ ನಾನೂ ಒಬ್ಬ. ಅದಕ್ಕೇ ಈ ಪತ್ರ.

ಆ 14 ಸಹಿಯೂ ಹೊಳೆಯ ಮೇಲಿನ ಪ್ರೀತಿಯಿಂದ ಬಿದ್ದದ್ದಲ್ಲ. ಅದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಒಬ್ಬರಿಗೆ ಮಣ್ಣು ಹೊಡೆಯುವ ಟಿಪ್ಪರ್ ಬಾಡಿಗೆ ಸಿಗಲಿಲ್ಲ ಎಂಬ ಸಿಟ್ಟು. ಇನ್ನೊಬ್ಬರಿಗೆ ಹಂಚು ಹಾಕದೆ ಗಾಜು ಹಾಕಲು ಹೊರಟದ್ದೇ ದೊಡ್ಡ ತಪ್ಪು. ಹಂಚಿನ ವಿಷಯದಲ್ಲಿ ನನ್ನದೇನೂ ಹಟ ಇಲ್ಲ. ಮಳೆಗಾಲಕ್ಕೆ ಮುಂಚೆ ಮಾಡು ಹತ್ತಿ ಒಡೆದ ಹಂಚು ಬದಲಿಸಲು ಜನ ಸಿಗದೆ ಒದ್ದಾಡುವವನು ನಾನು. ಅವರವರ ಮನೆ, ಅವರವರ ಇಷ್ಟ. ನಿಜ ಹೇಳಬೇಕೆಂದರೆ ಮನೆ ಚಂದವೇ ಇದೆ.

ನನ್ನ ತಕರಾರು ಹೊಳೆಯಿಂದ ಮನೆಗೆ ದೂರ ಅಳೆದ ಟೇಪಿನ ಬಗ್ಗೆ.

ನಾನು ಇಲ್ಲಿ 35 ವರ್ಷ ಅಂಚೆ ಹಂಚಿದವನು. ತೂಗುಸೇತುವೆ ಆಗುವ ಮೊದಲು ಕುದ್ರುವಿನ, ಅಂದರೆ ಹೊಳೆ ನಡುವಿನ ದ್ವೀಪದ ಮನೆಗಳಿಗೆ ಬೊಂಬಾಯಿಯ ಮನಿಆರ್ಡರ್ ಹಿಡಿದುಕೊಂಡು ದೋಣಿಯಲ್ಲೇ ಹೋಗಬೇಕಿತ್ತು. ಹೊಳೆ ಏರುವುದು, ಇಳಿಯುವುದು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಅದಕ್ಕೆ ಸರಿಯಾಗಿ ನನ್ನ ಸುತ್ತು ಬದಲಾಗುತ್ತಿತ್ತು. ಹುಣ್ಣಿಮೆ, ಅಮಾವಾಸ್ಯೆಗೆ ಮಧ್ಯಾಹ್ನದ ಹೊತ್ತಿಗೆ ನೀರು ದಂಡೆಯ ಕಾಂಡ್ಲದ (ಮ್ಯಾಂಗ್ರೋವ್ ಗಿಡಗಳ) ಬುಡ ಮುಚ್ಚುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಅದೇ ಹೊತ್ತಿಗೆ ಇಳಿತ. ಹೆಂಗಸರು ಕೆಸರಿನಲ್ಲಿ ಕೂತು ಮರುವಾಯಿ ಎಂಬ ಚಿಪ್ಪು ಹೆಕ್ಕುತ್ತಾರೆ. ಇದು ಇಲ್ಲಿನ ಮಕ್ಕಳಿಗೂ ಗೊತ್ತಿರುವ ಲೆಕ್ಕ.

ಆ ಮನೆಯ ಜಾಗವನ್ನು ಅಳೆದದ್ದು ಅಷ್ಟಮಿಯ ಮರುದಿನ, ಹನ್ನೆರಡರ ಹೊತ್ತಿಗೆ. ಟೇಪಿನ ತುದಿ ಇಟ್ಟದ್ದು ಇಳಿದ ನೀರಿನ ಅಂಚಿನಲ್ಲಿ. ಮರುವಾಯಿ ಹೆಕ್ಕುತ್ತಿದ್ದವರನ್ನು ‘ಸ್ವಲ್ಪ ಸರಿಯಮ್ಮಾ’ ಎಂದು ಸರಿಸಿ ಇಟ್ಟರು. ನಾನು ಅಲ್ಲೇ ನಿಂತಿದ್ದೆ. ‘ಇದು ಏರು ನೀರಿನ ಗೆರೆ ಅಲ್ವಲ್ಲ ಮಾರಾಯ್ರೆ’ ಎಂದೆ. ‘ಅದೆಲ್ಲ ಆಫೀಸಿನಲ್ಲಿ ಸರಿ ಮಾಡುತ್ತಾರೆ’ ಎಂದರು. ಆಫೀಸಿನಲ್ಲಿ ಎಂತ ಸರಿ ಮಾಡಿದರೋ, ಎರಡೇ ತಿಂಗಳಲ್ಲಿ ಪಿಲ್ಲರ್ ಎದ್ದಿತು. ಅಲ್ಲಿ ಇಳಿತದ ಅಂಚಿಗೂ ಏರು ನೀರಿನ ಗೆರೆಗೂ ನನ್ನ ಕಾಲಲ್ಲಿ ಮೂವತ್ತು ಹೆಜ್ಜೆ ವ್ಯತ್ಯಾಸ ಇದೆ.

ಸಿಆರ್‌ಝಡ್ ಎಂಬ ಕರಾವಳಿ ನಿಯಮ ಮೊದಲು ಬಂದದ್ದು 1991ರಲ್ಲಿ. 2011ರ ಅಧಿಸೂಚನೆಯಲ್ಲಿ ಉಬ್ಬರದ ನೀರು ಬರುವ ಹೊಳೆಗಳ ದಂಡೆಯಲ್ಲಿ ಏರು ನೀರಿನ ಗೆರೆಯಿಂದ 100 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅಷ್ಟು ಬಿಟ್ಟು ಕಟ್ಟಬೇಕು ಎಂದಿತ್ತು. 2019ರಲ್ಲಿ ಆ 100 ಅನ್ನು 50ಕ್ಕೆ ಇಳಿಸಿದರು. ಅರ್ಧಕ್ಕರ್ಧ ಬಿಟ್ಟುಕೊಟ್ಟಾಯಿತು. ಉಳಿದ 50 ಮೀಟರನ್ನಾದರೂ ಸರಿಯಾದ ಕಡೆಯಿಂದ ಅಳೆಯಿರಿ ಎಂದರೆ ಅದು ಅಭಿವೃದ್ಧಿಗೆ ಅಡ್ಡಗಾಲು ಹೇಗಾಗುತ್ತದೆ? ಕಾಂಡ್ಲದ ಗುಂಪು 1,000 ಚದರ ಮೀಟರಿಗಿಂತ ಜಾಸ್ತಿ ಇದ್ದರೆ ಅದರ ಸುತ್ತ ಇನ್ನೂ 50 ಮೀಟರ್ ಬಿಡಬೇಕು ಎಂಬ ಮಾತೂ ಇದೆ. ನಮ್ಮ ಕಾಂಡ್ಲ ಅಷ್ಟಿದೆಯೋ ಇಲ್ಲವೋ, ಅದನ್ನು ಯಾರೂ ಅಳೆಯಲೇ ಇಲ್ಲ. ಆ ಬದಿಯದ್ದನ್ನು ಸ್ವಲ್ಪ ಕಡಿದೂ ಆಗಿದೆ.

ಈಗ ನನ್ನದೇ ಒಂದು ಕತೆ. ನನ್ನದು ಒಂಬತ್ತು ಸೆಂಟ್ಸ್ ಜಾಗ, ಹಂಚಿನ ಮನೆ, ಹೊಳೆಯಿಂದ 31 ಮೀಟರ್. ಕೆಲವು ವರ್ಷದ ಹಿಂದೆ ಅಮ್ಮನಿಗೆ ನಡೆಯಲು ಆಗದಾಯಿತು. ಮಲಗುವ ಕೋಣೆಗೆ ತಾಗಿ ಒಂದು ಬಚ್ಚಲು, ಆರಡಿಗೆ ಐದಡಿ, ಅಷ್ಟಕ್ಕೆ ಅನುಮತಿ ಕೇಳಿದೆ. ‘ಇದ್ದ ಮನೆ ರಿಪೇರಿ ಮಾಡಬಹುದು, ಅಡಿಪಾಯ ಹೆಚ್ಚು ಮಾಡುವ ಹಾಗಿಲ್ಲ’ ಎಂದು ಉತ್ತರ ಬಂತು. ನನ್ನ ಜಾಗ ಅಳೆಯುವಾಗ ಟೇಪು ಹಿಡಿದದ್ದು ಕಾಂಡ್ಲದ ಬುಡದಿಂದ, ಸರಿಯಾಗಿ ಏರು ನೀರು ನಿಲ್ಲುವಲ್ಲಿಂದ. ನಿಯಮ ನಿಯಮವೇ ಎಂದು ಸುಮ್ಮನಾದೆ. ಅಂಗಳದಾಚೆಯ ಹಳೆ ಬಚ್ಚಲಿನ ತನಕ ಹಿಡಿದು ನಡೆಯಲು ಬಿದಿರಿನ ಗಳ ಕಟ್ಟಿಸಿದೆ. ಅಮ್ಮ ಕೊನೆಯ ಎರಡು ಮಳೆಗಾಲ ಅದನ್ನೇ ಹಿಡಿದು ನಡೆದರು. ಒಮ್ಮೆ ಬಿದ್ದರು.

ಹೊಸ ಮನೆಗೆ ಕೆಳಗೆ ಎರಡು ಕೋಣೆ, ಮೇಲೆ ನಾಲ್ಕು. ಆರಕ್ಕೂ ಬೇರೆ ಬೇರೆ ಬಚ್ಚಲು. ಪೈಪ್ ಹಾಕುವವರೇ ಹೇಳಿದ್ದು. ಒಂದು ಸಂಸಾರಕ್ಕೆ ಇಷ್ಟೆಲ್ಲ ಯಾಕೆ ಎಂದು ಕೇಳಿದರೆ ‘ಹೋಂಸ್ಟೇ’ ಅಂತಾರೆ. 2019ರ ನಿಯಮ ಊರವರಿಗೆ ಹೋಂಸ್ಟೇಗೆ ಅವಕಾಶ ಕೊಟ್ಟಿದೆ ನಿಜ. ಆದರೆ ಇದ್ದ ಮನೆಯಲ್ಲಿ, ಅದರ ಅಡಿಪಾಯವನ್ನೂ ರೂಪವನ್ನೂ ಬದಲಿಸದೆ. ಇಲ್ಲಿ ಇದ್ದದ್ದು ಮನೆಯಲ್ಲ, ನಾಲ್ಕು ತೆಂಗಿನ ಮರ, ಒಂದು ತೋಡು.

ಆ ತೋಡಿನ ವಿಷಯವೇ ಹೆಚ್ಚು ಅವಸರದ್ದು. ಮೇಲಿನ ಗದ್ದೆಗಳ ಮಳೆನೀರೆಲ್ಲ ಅದರಲ್ಲೇ ಇಳಿದು ಹೊಳೆ ಸೇರಬೇಕು. ಕಳೆದ ಏಪ್ರಿಲ್‌ನಲ್ಲಿ ಅದರ ಮೇಲೆ ಕೆಂಪುಮಣ್ಣು ತುಂಬಿಸಿ ಪಾಗಾರ (ಕಂಪೌಂಡ್ ಗೋಡೆ) ಕಟ್ಟಿದರು. ತೋಡಿನ ಬದಲಿಗೆ ಆರಿಂಚಿನ ಒಂದು ಪೈಪ್ ಇಟ್ಟಿದ್ದಾರೆ. ಆರಿಂಚು! ಜೂನ್‌ನಲ್ಲಿ ಒಂದು ರಾತ್ರಿಯ ಮಳೆಗೆ ಹಿಂದಿನ ಐದು ಮನೆಗಳ ಅಂಗಳದಲ್ಲಿ ಮೊಣಕಾಲುದ್ದ ನೀರು. ಇಳಿಯಲು ಎರಡು ದಿನ ಬೇಕಾಯಿತು. ಒಂದು ಮನೆಯಲ್ಲಿ ಬಾವಿಗೂ ನುಗ್ಗಿತು. ಆಗ ಕೆಲಸದ ಮೇಸ್ತ್ರಿಗೆ ಫೋನ್ ಮಾಡಿದರೆ, ‘ನಮ್ಮ ಸೈಟಿಗೆ ಎಂತದೂ ಆಗಲಿಲ್ಲ’ ಎಂದು ಧೈರ್ಯ ಹೇಳಿದ.

ಮನೆ ಕೆಡವಿ ಎಂದು ನಾನು ಹೇಳುತ್ತಿಲ್ಲ. ಸಹಿ ಹಾಕಿದವರಲ್ಲಿ ಹಾಗೆ ಹೇಳುವವರೂ ಇದ್ದಾರೆ. ನನಗೆ ಕಟ್ಟಿದ್ದನ್ನು ಒಡೆಯುವುದು ಕಣ್ಣಲ್ಲಿ ನೋಡಲಾಗದು. ಅದರಲ್ಲೂ ಮನೆಯವರು ಈ ಊರಿನವರೇ. ಅವರ ಅಜ್ಜಿಗೆ ತಿಂಗಳು ತಿಂಗಳು ಮನಿಆರ್ಡರ್ ಎಣಿಸಿ ಕೊಟ್ಟವನು ನಾನು. ಆದರೆ ಮೇಲಿನ ನಾಲ್ಕು ಕೋಣೆಗಳ ಕೆಲಸ ಇನ್ನೂ ಶುರುವಾಗಿಲ್ಲ, ಕಂಬಿ ಮಾತ್ರ ಎದ್ದಿದೆ. ಅದನ್ನು ಅಷ್ಟಕ್ಕೇ ನಿಲ್ಲಿಸಿ ಮೊದಲು ಅಳೆಯಲಿ. ಮಳೆಗಾಲಕ್ಕೆ ಮುಂಚೆ ಪಾಗಾರದ ಅಷ್ಟು ಭಾಗ ಬಿಚ್ಚಿ ತೋಡನ್ನು ಮೊದಲಿದ್ದ ಅಗಲಕ್ಕೆ ಬಿಡಿಸಲಿ.

ಅಳೆಯಲು ಬರುವವರು ಬರುವ ಹುಣ್ಣಿಮೆಯ ದಿನ ಮಧ್ಯಾಹ್ನ ಬರಬೇಕು. ಮನೆಯವರೂ ಇರಲಿ, ನಾವೂ ಇರುತ್ತೇವೆ. ಟೇಪಿನ ತುದಿ ಹಿಡಿಯಲು ಜನ ಇಲ್ಲ ಎಂದಾದರೆ ನಾನೇ ಹಿಡಿಯುತ್ತೇನೆ. ಮುಂಡು ಎತ್ತಿ ಕಟ್ಟಿ ಆ ನೀರಿಗೆ ಇಳಿದು ನನಗೆ ಅಭ್ಯಾಸ ಇದೆ.

– ನಿವೃತ್ತ ಅಂಚೆಯವ, ಕೆಮ್ಮಣ್ಣು, ಉಡುಪಿ