ಭಾನುವಾರದ ಬೈಬಲ್ ಅಧ್ಯಯನ: ಸಂಘದ ಸಾಲ, ವಸೂಲಿ

ಎಲ್ಲರಿಗೂ ಕರ್ತನ ಹೆಸರಲ್ಲಿ ವಂದನೆಗಳು. ಈ ಭಾನುವಾರ ಆರಾಧನೆ ಮುಗಿದ ಮೇಲೆ ಸಾಲದ ವಿಷಯ ಮಾತಾಡೋಣ. ನಮ್ಮ ಕೋಲಾರದ ಕಡೆ ವಾರದ ಕಂತಿನ ಚಿಂತೆ ಯಾರಿಗೂ ಹೊಸದಲ್ಲ, ಅಲ್ವಾ?

ಧರ್ಮೋಪದೇಶಕಾಂಡ 24ನೇ ಅಧ್ಯಾಯದ 6, ಆಮೇಲೆ 10ರಿಂದ 13ನೇ ವಚನ ಓದಿಕೊಂಡು ಬನ್ನಿ. ಸಾಲ ಕೊಟ್ಟವನು ಒತ್ತೆಗಾಗಿ ಮನೆಯೊಳಗೆ ನುಗ್ಗಬಾರದು. ಹೊರಗೇ ನಿಂತಿರಬೇಕು, ಸಾಲಗಾರನೇ ತಂದುಕೊಡಬೇಕು. ಬಡವನ ಹೊದಿಕೆಯನ್ನು ಸಂಜೆಗೆ ವಾಪಸ್ ಕೊಡಬೇಕು. ಬೀಸುವ ಕಲ್ಲನ್ನಂತೂ ಮುಟ್ಟಲೇಬಾರದು, ಅದು ಜೀವವನ್ನೇ ಒತ್ತೆ ಇಟ್ಟುಕೊಂಡ ಹಾಗೆ. ಇವತ್ತು ಆ ಜಾಗದಲ್ಲಿ ಹೊಲಿಗೆ ಮಷೀನ್ ಇದೆ, ಹಾಲು ಕೊಡುವ ಸೀಮೆಹಸು ಇದೆ. ಕಂತು ತಪ್ಪಿದವರ ಜಗಲಿ ಮೇಲೆ ಕತ್ತಲಾದರೂ ಕೂತು, ಅಕ್ಕಪಕ್ಕದವರಿಗೆ ಕೇಳಿಸುವಂತೆ ಕೂಗುವವರಿಗೆ ಈ ವಚನ ಏನು ಹೇಳುತ್ತದೆ?

ಬಡ್ಡಿಯೇ ಪಾಪ ಅಂತ ಸುಮ್ನೆ ತೀರ್ಪು ಕೊಡಬೇಡಿ. ಹಿಂದಿನ ಅಧ್ಯಾಯದಲ್ಲೇ ಪರದೇಶದವರಿಂದ ಬಡ್ಡಿ ತಗೊಳ್ಳಬಹುದು ಅಂತಿದೆ. ತೀರಿಸದವನ ಬಗ್ಗೆ ಕೀರ್ತನೆ 37:21 ಖಾರವಾಗಿಯೇ ಇದೆ. ಇನ್ನು ಗುಂಪು ಜಾಮೀನು: ಒಬ್ಬಳು ಕಟ್ಟದಿದ್ದರೆ ಉಳಿದ ಹೆಂಗಸರ ತಲೆಗೆ ಬರುತ್ತದೆ, ಗೆಳತಿಯರೇ ಬಾಗಿಲಿಗೆ ಬಂದು ಜಗಳಕ್ಕೆ ನಿಲ್ಲುತ್ತಾರೆ. ನನಗೆ ಜಾಸ್ತಿ ಕಷ್ಟದ ಪ್ರಶ್ನೆ ಇದೇ. ಇದಕ್ಕೇ ಹೆಚ್ಚು ಹೊತ್ತು ಕೊಡೋಣ.

ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ನಮ್ಮ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು. 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಹೆದರಿಸಿದರೆ ಪೊಲೀಸ್ ಠಾಣೆಗೆ ದೂರು ಕೊಡಿ.

ಯಾರ ಸಾಲ ಎಷ್ಟು ಅಂತ ದಯವಿಟ್ಟು ಗುಂಪಲ್ಲಿ ಹಾಕಬೇಡಿ. ಕಷ್ಟದಲ್ಲಿರುವವರು ಪಾಸ್ಟರ್‌ಗೆ ನೇರವಾಗಿ ಫೋನ್ ಮಾಡಿ.