ಸಿಡಿಕೆ1ರ ಬೀಗ ನೋಡು, ಮೊತ್ತವನ್ನಲ್ಲ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ವೆಸ್ಟರ್ನ್ ಬ್ಲಾಟಿನಲ್ಲಿ (ಪ್ರೋಟೀನುಗಳನ್ನು ತೂಕದಂತೆ ಬೇರ್ಪಡಿಸಿ ಆಂಟಿಬಾಡಿಯಿಂದ ಗುರುತಿಸುವ ಪರೀಕ್ಷೆ) ಕೋಶ ವಿಭಜನೆಗೆ ಚಾಲನೆ ಕೊಡುವ ಸಿಡಿಕೆ1 ಪ್ರೋಟೀನಿನ ಬ್ಯಾಂಡ್ ಎಲ್ಲ ಲೇನಿನಲ್ಲೂ ಒಂದೇ ಸಮ ಬರ್ತಿದೆ ಅಂತ ಬೇಸರಪಟ್ಟು ಬರೆದಿದ್ದೀಯ. ಅದು ಹಾಗೇ ಬರಬೇಕಮ್ಮ. ಬೆಳೆಯುತ್ತಿರುವ ಹೀಲಾ ಕೋಶಗಳಲ್ಲಿ (ಲ್ಯಾಬಿನಲ್ಲಿ ಬೆಳೆಸುವ ಮಾನವ ಕ್ಯಾನ್ಸರ್ ಕೋಶಗಳು) ಆ 34 ಕಿಲೋಡಾಲ್ಟನ್ ಪ್ರೋಟೀನಿನ ಮೊತ್ತ ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ. ಏರಿಳಿಯುವುದು ಅದರ ಜೊತೆಗಾರ ಸೈಕ್ಲಿನ್ ಬಿ1. ಬದಲಾಗುವುದು ಅದಕ್ಕೆ ಬಿದ್ದಿರುವ ಬೀಗ. ವೀ1 ಕೈನೇಸ್ ಎಂಬ ಕಿಣ್ವ ಸಿಡಿಕೆ1ರ 15ನೇ ಅಮೈನೋ ಆಮ್ಲವಾದ ಟೈರೋಸಿನ್ 15ಕ್ಕೆ ಫಾಸ್ಫೇಟ್ ಅಂಟಿಸಿ ಕೂರಿಸುತ್ತದೆ, ಸಿಡಿಸಿ25 ಎಂಬ ಇನ್ನೊಂದು ಕಿಣ್ವ ಅದನ್ನು ಕಿತ್ತಾಗ ಕೋಶ ವಿಭಜನೆಗೆ ಇಳಿಯುತ್ತದೆ. ಥ್ರಿಯೋನಿನ್ 161ರದ್ದು ತದ್ವಿರುದ್ಧ, ಅಲ್ಲಿ ಫಾಸ್ಫೇಟ್ ಇದ್ದರೇ ಕೆಲಸ. ಫಾಸ್ಫೇಟ್ ಕಂಡಲ್ಲೆಲ್ಲ ‘ಚುರುಕಾಗಿದೆ’ ಎಂದು ಬರೆದುಬಿಡುವ ಚಟ ನಿಮ್ಮ ಓರಗೆಯವರಲ್ಲಿ ಬಹಳ.

ಆಂಟಿಬಾಡಿ ಬಾಟಲಿಯ ಮೇಲೆ ‘ಸಿಡಿಸಿ2’ ಎಂದಿದ್ದರೆ ಗಾಬರಿಯಾಗಬೇಡ, ಅದು ಸಿಡಿಕೆ1ರದ್ದೇ ಹಳೆಯ ಹೆಸರು. 1987ರಲ್ಲಿ ವಿಜ್ಞಾನಿಗಳಾದ ಮೆಲನಿ ಲೀ, ಪಾಲ್ ನರ್ಸ್ ಇಬ್ಬರೂ ಯೀಸ್ಟಿನ ಕೆಟ್ಟ ಸಿಡಿಸಿ2 ಜೀನಿನ ಜಾಗ ತುಂಬಬಲ್ಲ ಮಾನವ ಜೀನನ್ನು ಹಿಡಿದರಲ್ಲ, ಆ ಹೆಸರೇ ಉಳಿದಿದೆ.

ಕೋಶಗಳನ್ನು ವಿಭಜನೆಯ ಹೊಸ್ತಿಲಲ್ಲಿ ಒಟ್ಟಿಗೆ ಸಾಲಿಗೆ ನಿಲ್ಲಿಸಲು, ಸಿಡಿಕೆ1ನ್ನು ತಡೆಯುವ ಮದ್ದು ಆರ್‌ಒ-3306 ಸಾಕು: 9 ಮೈಕ್ರೋಮೋಲಾರ್, 18ರಿಂದ 20 ಗಂಟೆ. ಆಸೆಪಟ್ಟು ಇನ್ನೂ ಹೊತ್ತು ಬಿಟ್ಟರೆ ಸಾಯತೊಡಗುತ್ತವೆ. ಆಮೇಲೆ ಮದ್ದು ಹೋಗಲು, 37 ಡಿಗ್ರಿಗೆ ಬೆಚ್ಚಗಾಗಿಸಿದ ಮೀಡಿಯಂನಲ್ಲಿ (ಕೋಶಗಳ ಪೋಷಕ ದ್ರವ) ಮೂರು ಸಲ ತೊಳೆ. ಫ್ರಿಜ್ಜಿನಿಂದ ತೆಗೆದದ್ದನ್ನೇ ಸುರಿದರೆ, ವಿಭಜನೆಯಲ್ಲಿ ಕ್ರೋಮೋಸೋಮುಗಳನ್ನು ಎಳೆಯುವ ಎಳೆಗಳಾದ ಮೈಕ್ರೊಟ್ಯೂಬ್ಯೂಲ್‌ಗಳು ಕರಗಿ ನಿನ್ನ ಗಡಿಯಾರವೇ ಕೆಡುತ್ತದೆ. ಒಂದು ಗಂಟೆಯೊಳಗೆ ಬಹುಪಾಲು ಕೋಶಗಳು ಗುಂಡಗಾಗಿ, ತಳದಿಂದ ಅರ್ಧ ಬಿಟ್ಟುಕೊಂಡಿರುತ್ತವೆ. ಎಡವುವುದು ಇಲ್ಲೇ. ರೂಢಿಯಂತೆ ಮೀಡಿಯಂ ಹೀರಿ ಚೆಲ್ಲಿದೆಯೋ, ನಿನಗೆ ಬೇಕಿದ್ದ ಕೋಶಗಳೇ ಸಿಂಕಿಗೆ ಹೋದವು. ಪ್ಲೇಟಿನಲ್ಲಿ ಉಳಿದದ್ದು ವಿಭಜನೆಗೆ ಇಳಿಯದ ಸೋಮಾರಿಗಳು. ಮೀಡಿಯಂ ಅನ್ನೂ ಐಸಿನ ಮೇಲಿನ ಟ್ಯೂಬಿಗೆ ಹಾಕಿ, ಸೆಂಟ್ರಿಫ್ಯೂಜಿನಲ್ಲಿ 300 ಜಿ ಬಲದಲ್ಲಿ 5 ನಿಮಿಷ ತಿರುಗಿಸಿ, ಕೆರೆದು ತೆಗೆದದ್ದರ ಜೊತೆ ಸೇರಿಸು.

ಕೋಶ ಒಡೆಯುವ ಲೈಸಿಸ್ ಬಫರಿಗೆ, ಫಾಸ್ಫೇಟ್ ಉದುರದಂತೆ ಕಾಯಲು, 1 ಮಿಲಿಮೋಲಾರ್ ಆರ್ಥೊವೆನಡೇಟ್, 10 ಮಿಲಿಮೋಲಾರ್ ಸೋಡಿಯಂ ಫ್ಲೋರೈಡ್. ವೆನಡೇಟನ್ನು ಪಿಎಚ್ 10ಕ್ಕೆ ತಂದು, ಹಳದಿ ಹೋಗಿ ತಿಳಿನೀರಿನಂತಾಗುವವರೆಗೆ ಕುದಿಸು, ಆರಿಸು, ಪಿಎಚ್ ಮತ್ತೆ ನೋಡು. ಬಣ್ಣ ಮರಳುವುದು ನಿಲ್ಲುವ ತನಕ ಇದೇ ಪಾಡು. ಅದೇ ಬಫರಿನಲ್ಲಿ ವೆನಡೇಟಿನ ಶಕ್ತಿ ಕೆಡಿಸುವ ಇಡಿಟಿಎ, ಡಿಟಿಟಿ ಎಂಬ ರಾಸಾಯನಿಕಗಳು ಇದ್ದರೆ ಅಷ್ಟೂ ಶ್ರಮ ನೀರುಪಾಲು.

ಇಷ್ಟಾದಮೇಲೂ ಮದ್ದಿನಿಂದ ಬಿಡುಗಡೆಯಾದ ಕೋಶಗಳ ಲೇನಿನಲ್ಲಿ ಟೈರೋಸಿನ್ 15ರ ಮಸುಕು ಬ್ಯಾಂಡ್ ಉಳಿದರೆ ಸಿಡಿಸಿ25ನ್ನು ಬೈಯಬೇಡ. ಸಿಡಿಕೆ1ರ ಸೋದರ ಪ್ರೋಟೀನ್ ಸಿಡಿಕೆ2ರಲ್ಲೂ ಆ ಟೈರೋಸಿನ್ನಿನ ಅಕ್ಕಪಕ್ಕದ ಸಾಲು ಅದೇ, ತೂಕವೂ ಹೆಚ್ಚುಕಡಿಮೆ ಅಷ್ಟೇ. ಆಂಟಿಬಾಡಿಗೆ ಭೇದ ತಿಳಿಯುವುದಿಲ್ಲ. ಮೊದಲು ಸೈಕ್ಲಿನ್ ಬಿ1 ಆಂಟಿಬಾಡಿಯಿಂದ ಸೈಕ್ಲಿನ್ನನ್ನೂ ಅದಕ್ಕೆ ಅಂಟಿದ ಸಿಡಿಕೆ1ನ್ನೂ ಹೊರಗೆಳೆದು, ಬಂದದ್ದರಲ್ಲಿ ಟೈರೋಸಿನ್ 15 ನೋಡು. ಆಂಟಿಬಾಡಿಯ ಸ್ವಂತ ಸರಪಳಿಗಳು 50 ಕಿಲೋಡಾಲ್ಟನ್ನಿಗೆ, 25ಕ್ಕೆ ಕೂರುತ್ತವೆ, 34 ನಡುವೆ ತೆರವಾಗಿರುತ್ತದೆ.

ಮುಂದಿನ ಬ್ಲಾಟಿನ ಫೋಟೊ ಕಳಿಸು, ಕತ್ತರಿಸದೆ, ಪೂರ್ತಿ.

ನಿನ್ನ ದೊಡ್ಡಪ್ಪ