ಪಾಪುವಿನ ಅಂಗೈಯ ಬೂದು ಪುಡಿ

ಚಿಕ್ಕಮಗಳೂರು

ಚಿ. ಸೌ. ಮಗಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ಉಭಯ ಕುಶಲೋಪರಿ.

ನಿನ್ನ ಕಾಗದದ ಮೂರನೇ ಹಾಳೆಯಲ್ಲಿ ಒಂದು ಸಾಲಿದೆ: ‘ಪಾಪು ಅಂಬೆಗಾಲಿಟ್ಟು ಮೇಜಿನ ಕೆಳಗೆ ಹೋಗಿದ್ದ, ಅಂಗೈ ತುಂಬ ಬೂದು ಪುಡಿ. ಸೆರಗಿನಲ್ಲಿ ಒರೆಸಿದೆ. ಏನೂ ಆಗಲ್ಲ ಅಲ್ವಾ ದೊಡ್ಡಪ್ಪ?’ ಮಿಕ್ಕಿದ್ದೆಲ್ಲ ಓದಿ ಮಡಿಸಿಟ್ಟರೂ ಕಣ್ಣು ಮತ್ತೆ ಅಲ್ಲಿಗೇ ಹೋಗುತ್ತೆ.

ಆ ಪುಡಿ ಯಾವುದು ಅಂತ ನನಗೆ ಗೊತ್ತು. ಬಣ್ಣದ ಗಾಜಿನ ಕಿಟಕಿಗೆ ಪುಟ್ಟಿ ತುಂಬಿದ ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿ ಬ್ರಷ್‌ನಲ್ಲಿ ತಿಕ್ಕುತ್ತೀಯಲ್ಲ, ಬೆಳ್ಳಗಿದ್ದದ್ದು ತಿಕ್ಕುತ್ತಾ ತಿಕ್ಕುತ್ತಾ ಬೂದಿ ಬಣ್ಣಕ್ಕೆ ತಿರುಗುತ್ತೆ. ಅದರಲ್ಲಿ ಅಗಸೆ ಎಣ್ಣೆಯ ಜಿಡ್ಡಿದೆ, ದೀಪದ ಮಸಿ ಇದೆ, ಗಾಜಿನ ತುಂಡುಗಳನ್ನು ಹಿಡಿದಿಡುವ ಸೀಸದ ಪಟ್ಟಿಯ ಮೈಯಿಂದ ಉಜ್ಜಿ ಬಂದ ಸೀಸವೂ ಇದೆ. ಹಳೇ ಕಿಟಕಿ ಬಿಚ್ಚುವಾಗ ಪಟ್ಟಿಯ ಮೇಲೆ ಕಾಣುವ ಬಿಳಿ ಹುಡಿ ಇನ್ನೂ ಕೆಟ್ಟದ್ದು. ಸೀಸವೇ ಕಿಲುಬು ಹಿಡಿದು ಹಾಗಾಗಿರುತ್ತೆ, ಮುಟ್ಟಿದರೆ ಬೆರಳಿಗೆ ಬರುತ್ತೆ.

ಎಲ್ಲರೂ ಹೊಗೆಗೆ ಹೆದರುತ್ತಾರೆ. ನೀನೂ ಫ್ಯಾನ್ ಹಾಕಿಕೊಂಡೇ ಬೆಸುಗೆ ಹಾಕುತ್ತೇನೆ ಅಂತ ಬರೆದಿದ್ದೀಯ. ಒಳ್ಳೇದು, ಹಾಗೇ ಮಾಡು. ಆದರೆ ಆ ಹೊಗೆ ಬಹುಪಾಲು ಬೆಸುಗೆ ಅಂಟಲೆಂದು ಮೊದಲು ಸವರುವ ಫ್ಲಕ್ಸ್‌ನದು. ತವರ-ಸೀಸ 60:40ರ ಬೆಸುಗೆ ತಂತಿ 190 ಡಿಗ್ರಿಯೊಳಗೆ ಕರಗುತ್ತೆ, ಬೆಸುಗೆ ಐರನ್ನಿನ ಮೂತಿ 400ರ ಆಸುಪಾಸು. ಆ ಕಾವಿಗೆ ಸೀಸ ಆವಿಯಾಗುವುದು ತೀರಾ ಕಮ್ಮಿ. ಸೀಸ ಒಳಗೆ ಹೋಗುವ ದಾರಿ ಕೈಯಿಂದ ಬಾಯಿಗೆ. ಹತ್ತು ತಿಂಗಳ ಕೂಸು ಕೈಯನ್ನು ಬಾಯಿಂದ ತೆಗೆಯುವುದೇ ಅಪರೂಪ. ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಸೀಸವನ್ನು ಮಕ್ಕಳ ಮೈ ಹೀರಿಕೊಳ್ಳಬಹುದು. ಮೂಳೆಯಲ್ಲಿ ಹೋಗಿ ಕೂರುತ್ತೆ, ಬೆಳೆಯುವ ಮಿದುಳಿಗೆ ಪೆಟ್ಟು ಕೊಡುತ್ತೆ. ಶುರುವಿನಲ್ಲಿ ಮಗುವಿನ ಮುಖ ನೋಡಿದರೆ ಏನೂ ಗೊತ್ತಾಗೋಲ್ಲ.

ಇದನ್ನೆಲ್ಲ ನಿನ್ನ ಕೈಗೆ ಗಾಜು ಕೊರೆಯುವ ಕಟರ್ ಕೊಟ್ಟ ದಿನವೇ ಹೇಳಬೇಕಿತ್ತು. ಗೀಟು ಒಂದೇ ಸಲ ಎಳೆ, ಎಳೆದ ಗೀಟಿನ ಮೇಲೆ ಮತ್ತೆ ಕಟರ್ ಆಡಿಸಬೇಡ ಅಂತ ನೂರು ಸಲ ಹೇಳಿದೆ. ಗಾಜು ಕುಯ್ದರೆ ರಕ್ತ ಕಾಣುತ್ತೆ, ಅದಕ್ಕೇ ಗಾಜಿನ ಎಚ್ಚರ ಕಲಿಸಿದೆ. ಸೀಸದ ಎಚ್ಚರ ಕಲಿಸಲಿಲ್ಲ. ಮೊಳೆಗಳನ್ನು ತುಟಿಯಲ್ಲಿ ಕಚ್ಚಿಕೊಂಡು ಪಟ್ಟಿ ಕೂರಿಸುವುದನ್ನು ನೀನು ಕಲಿತದ್ದು ನನ್ನನ್ನು ನೋಡಿಯೇ. ಅದನ್ನು ಇವತ್ತೇ ಬಿಟ್ಟುಬಿಡು.

ಸೀಸವನ್ನು ಬೈಯಲು ನನ್ನಿಂದ ಆಗೋಲ್ಲ. ಬೆರಳಲ್ಲಿ ಒತ್ತಿದರೆ ಬಾಗುತ್ತೆ, ಗಾಜಿನ ಅಂಕುಡೊಂಕಿಗೆಲ್ಲ ಹೊಂದಿಕೊಳ್ಳುತ್ತೆ, ಕೆಂಪು ನೀಲಿ ಒಂದರೊಳಗೊಂದು ಕಲಸಿಹೋಗದ ಹಾಗೆ ನಡುವೆ ಕಪ್ಪು ಗೆರೆಯಾಗಿ ನಿಲ್ಲುತ್ತೆ. ಫ್ರಾನ್ಸಿನ ಶಾರ್ತ್ರ್ ಇಗರ್ಜಿಯಲ್ಲಿ 12-13ನೇ ಶತಮಾನದ ಗಾಜು ಇವತ್ತಿಗೂ ನಿಂತಿರುವುದು ಸೀಸದ ಹಿಡಿತದಲ್ಲೇ. ನಮ್ಮ ಶೆಟ್ಟಿಹಳ್ಳಿಯ ಪಾಳು ಇಗರ್ಜಿಯ ಬರಿದಾದ ಕಮಾನುಗಳನ್ನು, ಅದರ ಆಚೆಗಿನ ಹೇಮಾವತಿ ಹಿನ್ನೀರನ್ನು ನೋಡಿ ಬಂದ ಮೇಲೆ ನಿನಗೆ ಈ ಕೆಲಸದ ಹುಚ್ಚು ಹಿಡಿದದ್ದು. ಅದನ್ನು ಬಿಡು ಅನ್ನುವ ಮನಸ್ಸು ನನಗಿಲ್ಲ. ಆದರೆ ಆ ಅಂಗೈ.

ಸೆರಗಿನಲ್ಲಿ ಒರೆಸಿದೆ ಅಂದೆಯಲ್ಲ, ದಿನವಿಡೀ ಮೇಜಿಗೆ ತಾಗಿದ ಸೆರಗಲ್ಲಿ ಇನ್ನಷ್ಟು ಪುಡಿ ಇದ್ದಿರಬೇಕು. ಕೆಲಸಕ್ಕೆ ಬೇರೆ ಬಟ್ಟೆ, ಬೇರೆ ಚಪ್ಪಲಿ ಇಟ್ಟುಕೋ, ಮನೆಬಟ್ಟೆಯ ಜೊತೆ ಒಗೆಯಬೇಡ. ಮಳೆ ಅಂತ ಮೇಜನ್ನು ನಡುಮನೆಗೆ ತಂದಿದ್ದೀಯ. ಸಕಲೇಶಪುರದ ಮಳೆಗೆ ಜಗಲಿ ಆಗೋಲ್ಲ, ಗೊತ್ತು. ಬಾಗಿಲು ಹಾಕಿಕೊಳ್ಳುವಂಥ ಒಂದು ಕೋಣೆ ನೋಡು. ಅಲ್ಲಿ ಪೊರಕೆ ಬೇಡ, ಗುಡಿಸಿದರೆ ಪುಡಿ ಎದ್ದು ಮನೆಯೆಲ್ಲ ಕೂರುತ್ತೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಿಡು. ಪಾಪುವನ್ನು ಎತ್ತಿಕೊಳ್ಳುವ ಮೊದಲು ಸೋಪು ಹಾಕಿ ಉಗುರಿನ ಸಂದಿ ಬಿಡದೆ ತೊಳೆ. ಸ್ಯಾನಿಟೈಸರ್‌ಗೆ ಸೀಸ ಹೋಗೋಲ್ಲ.

ತಾಮ್ರದ ಫಾಯಿಲ್ ಸುತ್ತಿ ಮಾಡುವ ಸಣ್ಣ ಕೆಲಸಕ್ಕೆ ಸೀಸವಿಲ್ಲದ ತವರ-ತಾಮ್ರದ ಬೆಸುಗೆ ಸಿಗುತ್ತೆ. 227 ಡಿಗ್ರಿಗೆ ಕರಗುತ್ತೆ, ನಮ್ಮದರಷ್ಟು ನಯವಾಗಿ ಹರಿಯೋಲ್ಲ, ಬೆಲೆಯೂ ಜಾಸ್ತಿ. ಪಾಪು ದೊಡ್ಡವನಾಗುವವರೆಗೆ ಅದರಲ್ಲೇ ಕೆಲಸ ಮಾಡು ಅಂದರೆ ತಪ್ಪು ತಿಳಿಯಬೇಡ.

ಮಕ್ಕಳ ಡಾಕ್ಟರಿಗೆ ಹೇಳಿ ರಕ್ತದಲ್ಲಿ ಸೀಸದ ಮಟ್ಟ ನೋಡಿಸು. ಬೆರಳು ಚುಚ್ಚಿ ತೆಗೆದರೆ ಚರ್ಮದ ಮೇಲಿನ ಪುಡಿಯೂ ಸೇರಿ ಲೆಕ್ಕ ತಪ್ಪಬಹುದು, ರಕ್ತನಾಳದಿಂದಲೇ ತೆಗೆಯಲಿ. ಡೆಸಿಲೀಟರ್‌ಗೆ 5 ಮೈಕ್ರೋಗ್ರಾಂ ಮುಟ್ಟಿದರೆ ಎಲ್ಲಿಂದ ಬರುತ್ತಿದೆ ಅಂತ ಹುಡುಕಿ ತಡೆಯಲೇಬೇಕು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಅದಕ್ಕಿಂತ ಕಮ್ಮಿ ಬಂದರೆ ನಿಶ್ಚಿಂತೆ ಅಂತಲೂ ಅಲ್ಲ. ನೀನೂ ಮಾಡಿಸಿಕೋ, ಹಾಲು ಕುಡಿಸುತ್ತಿದ್ದೀಯ. ನೀನಾಗಿಯೇ ಹಾಲು ಬಿಡಿಸಬೇಡ, ಡಾಕ್ಟರನ್ನು ಕೇಳು. ರಾಗಿ ಸರಿ ತಪ್ಪಿಸಬೇಡ. ಕ್ಯಾಲ್ಸಿಯಂ, ಕಬ್ಬಿಣದಂಶ ಕಮ್ಮಿಯಾದ ಮೈ ಸೀಸವನ್ನು ಹೆಚ್ಚು ಎಳೆದುಕೊಳ್ಳುತ್ತೆ.

ಒಂದು ಸಲ ಕೈಗೆ ಹತ್ತಿದ್ದಕ್ಕೆ ಗಾಬರಿಯಾಗಬೇಡ ಅಂತ ಬರೆಯಲು ಕೂತವನು ಇಷ್ಟು ಬರೆದೆ. ಒಂದೇ ಸಲವೇನಮ್ಮಾ? ಅದನ್ನು ನೀನು ಬರೆದಿಲ್ಲ. ರಿಪೋರ್ಟ್ ಬಂದ ದಿನ ಎಷ್ಟು ಹೊತ್ತಾಗಿದ್ದರೂ ಸರಿ, ಫೋನ್ ಮಾಡು.

ಇತಿ ಆಶೀರ್ವಾದಗಳು,
ನಿನ್ನ ದೊಡ್ಡಪ್ಪ